ಬದುವಿನ ದಾರಿ

ಜೇವರ್ಗಿ
18 ನವೆಂಬರ್ 2024

ಭಾಗ್ಯಾ,

ಫೋನಿನಲ್ಲಿ ಹೇಳಿದರೆ ಅರ್ಧ ಕೇಳುತ್ತೀ, ಉಳಿದರ್ಧದಲ್ಲಿ ನನ್ನ ತಮ್ಮ ಅರುಣನನ್ನು ಬೈಯುತ್ತೀ. ಅದಕ್ಕೇ ಈ ಕಾಗದ. ಇದರೊಳಗೆ ಒಂದು ಅರ್ಜಿ ಇಟ್ಟಿದ್ದೇನೆ. ನಾನೇ ತುಂಬಿದ್ದೇನೆ. ಪೆನ್ಸಿಲ್ ಗುರುತು ಹಾಕಿದ ಮೂರು ಕಡೆ ಸಹಿ ಮಾಡಿ, ಹೊಲದ ಪಹಣಿ ಹಚ್ಚಿ, ಊರಿನ ಕಂದಾಯ ನೋಡುವ ತಲಾಠಿಯ ಕೈಗೆ ಕೊಡು. ಅರ್ಜಿ ಮುಟ್ಟಿದ್ದಕ್ಕೆ ಆವಕ ನಂಬರು ಬರೆಸಿಕೊಳ್ಳದೆ ಮೆಟ್ಟಿಲು ಇಳಿಯಬೇಡ.

ಅರುಣಕುಮಾರ ಮಾಡಿದ್ದು ತಪ್ಪು ಎಂದು ನಾನೇ ಹೇಳುತ್ತೇನೆ. ನಿನ್ನ ಟ್ರ್ಯಾಕ್ಟರು ನಮ್ಮ ಬದುವಿನ ಮೇಲೆ ಹೋಗುವಾಗ ಅವನ ನಿಂಬೆ ಗಿಡಗಳ ನೀರಿನ ಪೈಪು ಒಡೆಯಿತು, ಸರಿ. ಪೈಪು ಒಡೆದರೆ ಪೈಪು ಜೋಡಿಸಬೇಕು. ಅದು ಬಿಟ್ಟು "ನಾಳಿಂದ ಈ ಬದುವಿನ ಮ್ಯಾಲ ಒಂದು ಗಾಲಿ ಉಳ್ಳಬಾರದು" ಅಂದರೆ ಹೇಗೆ? ನಿನ್ನ ಹೊಲ ನಮ್ಮ ಹೊಲದ ಬೆನ್ನಿಗಿದೆ. ಅದರಾಚೆ ಹಳ್ಳ. ಆರು ಎಕರೆ ತೊಗರಿಯನ್ನು ನೀನು ಹಾರಿಸಿಕೊಂಡು ಬರುತ್ತೀಯಾ?

ಸರ್ಕಾರ ಈಗ ವ್ಯಾಜ್ಯಮುಕ್ತ ಗ್ರಾಮ ಅಂತ ಅಭಿಯಾನ ಶುರು ಮಾಡಿದೆ. ಹೊಲದ ದಾರಿಯ ತಕರಾರು ಏನಿದ್ದರೂ ತೊಂಬತ್ತು ದಿನದಲ್ಲಿ ಮುಗಿಯಬೇಕು. ಸರ್ವೆ ಇಲಾಖೆಗೆ ಸೇರಿ ನನಗೆ ಹನ್ನೊಂದು ವರ್ಷವಾಯಿತು. ಕೊಡಲಿ ಎತ್ತಿದ ಜಗಳಗಳಲ್ಲಿ ಅರ್ಧಕ್ಕರ್ಧ ಒಂದು ಬದುವಿನಿಂದಲೇ ಹುಟ್ಟಿದ್ದನ್ನು ನೋಡಿದ್ದೇನೆ. ಜಗಳ ಆದ ಮೇಲೆ ಪೊಲೀಸರು ಬರುತ್ತಾರೆ. ಆಗುವ ಮೊದಲೇ ಬರಬೇಕಾದವರು ನಾವು. ನಮ್ಮಪ್ಪನಿಗೆ ಎಂಬತ್ತು, ನಿಮ್ಮಪ್ಪ ಬೀರಲಿಂಗಪ್ಪ ಕಾಕಾನಿಗೂ ಹೆಚ್ಚುಕಡಿಮೆ ಅಷ್ಟೇ. ಅವರಿಬ್ಬರು ಇರುವ ತನಕ ಬಾಯಿಮಾತು ನಡೆಯುತ್ತದೆ. ಆಮೇಲೆ ನಿನ್ನ ಮಕ್ಕಳೂ ಅರುಣನ ಮಕ್ಕಳೂ ಬಡಿದಾಡಬಾರದು.

ನನ್ನಪ್ಪನಿಗೆ ಸದ್ಯ ಹೇಳಬೇಡ. ಬೇಸರ ಮಾಡಿಕೊಳ್ಳುತ್ತಾನೆ. ಆದೇಶ ಕೈಗೆ ಬಂದ ಮೇಲೆ ನಾನೇ ಬಂದು ಸಮಾಧಾನ ಮಾಡುತ್ತೇನೆ.

ನಿನ್ನ ಬೆಂಚಿನವಳು,
ವಿದ್ಯಾವತಿ


ಮಟಕಿ
27 ನವೆಂಬರ್ 2024

ಸರ್ವೆ ಸಾಹೇಬ ವಿದ್ಯಾವತಿ ಬಾಯಿಯವರಿಗೆ,

ಏಳನೆಯ ಇಯತ್ತೆಯಲ್ಲಿ ನನ್ನ ಗಣಿತ ನೋಡಿ ಬರೆದವಳು ಈಗ ನನಗೆ ಅರ್ಜಿ ತುಂಬಿ ಕಳಿಸುವ ಕಾಲ ಬಂತು. ಮೂರು ಸಹಿ ಮಾಡಿದೆ. ಆವಕ ನಂಬರೂ ಬರೆಸಿಕೊಂಡೆ. ತಲಾಠಿ ಕಣ್ಣರಳಿಸಿ, "ಯಾರ್ ಬರದಾರ್ರಿ ಇದನ್ನ, ವಕೀಲರೇನು?" ಅಂದ. ಊರ ಮಗಳು ಅಂದೆ.

ದಾರಿ ಯಾವುದು ಎಂಬಲ್ಲಿ ಎರಡೇ ಚೌಕ ಇದ್ದವು: 'ನಕಾಶೆಯಂತೆ ದಾರಿ ಇದೆ', 'ನಕಾಶೆಯಲ್ಲಿ ದಾರಿ ಇಲ್ಲ'. ನೀನು ಮೊದಲನೆಯದಕ್ಕೆ ಗುರುತು ಹಾಕಿದ್ದೀ. ನಕಾಶೆ ಇರುವುದು ನಿಮ್ಮ ಇಲಾಖೆಯಲ್ಲಿ, ನೀನು ಹಾಕಿದ್ದೀ ಅಂದ ಮೇಲೆ ಬದುವೇ ನಕಾಶೆಗೆ ಏರಿರಬೇಕು ಅಂದುಕೊಂಡು ಸುಮ್ಮನಾದೆ.

ನಮ್ಮಪ್ಪನಿಗೆ ಮಾತ್ರ ಇದು ಹಿಡಿಸಿಲ್ಲ. ಅಂಗಳದಲ್ಲಿ ಕುರಿಯ ಕಾಲಿಗೆ ಔಷಧ ಹಚ್ಚುತ್ತ ಕೂತಿದ್ದ. ಓದಿ ಹೇಳಿದೆ. ಔಷಧದ ಡಬ್ಬಿ ಮುಚ್ಚಿಟ್ಟು, ನಿಮ್ಮಪ್ಪನ ಹೆಸರು ಹಿಡಿದು, "ಬದು ನಮಗ ಶಿವರಾಯಗೌಡ್ರು ಕೊಟ್ಟಿದ್ದು ಬೇ. ಅವರು ಕೊಟ್ಟಿದ್ದನ್ನ ಸರಕಾರದ ಕೈಲೆ ಯಾಕ ಇಸಗೋಬೇಕು?" ಅಂದ. ನಾನು ನಿನ್ನ ಮಾತನ್ನೇ ಅಂದೆ: ಮಾತು ಸಾಯುತ್ತದೆ, ಕಾಗದ ಉಳಿಯುತ್ತದೆ. ಅದಕ್ಕೆ ಅವನು, "ಹಂಗಾರ ಮಾಘದಾಗ ನಮ್ಮ ಕುರಿ ಎಂಟು ದಿನ ಅವರ ಹೊಲದಾಗ ನಿಂದರತಾವಲ್ಲ, ಅದಕ್ಕೂ ಅರ್ಜಿ ಹಾಕ್ತೀ?" ಅಂದ. ಕುರಿಗೊಬ್ಬರಕ್ಕೆ ಬೇರೆ ಊರಿನವರು ನಮಗೆ ಜೋಳ ಅಳೆದು ಕೊಡುತ್ತಾರೆ. ನಿಮ್ಮ ಮನೆಯಿಂದ ಒಂದು ಸೇರೂ ತೆಗೆದುಕೊಂಡದ್ದು ನನಗೆ ನೆನಪಿಲ್ಲ. ಬದು ಅವರದು, ಗೊಬ್ಬರ ನಮ್ಮದು. ಯಾರೂ ಇದನ್ನು ಬಾಯಿಬಿಟ್ಟು ಹೇಳಿದ್ದೂ ಇಲ್ಲ.

ಇರಲಿ. ಖಜೂರಿ ಕಡೆಯ ಕೊಯ್ಲಿನ ಮಷೀನಿನವನಿಗೆ ಸಂಕ್ರಾಂತಿಯ ಮೊದಲಿನ ವಾರ ಹೇಳಿದ್ದೇನೆ. ಅಷ್ಟರೊಳಗೆ ನಿನ್ನ ಸರ್ಕಾರ ಎದ್ದರೆ ಸಾಕು.

ಭಾಗ್ಯಾ


ಮಟಕಿ
9 ಜನವರಿ 2025

ವಿದ್ಯಾ,

ಆದೇಶ ಬಂದಿದೆ. ಪೂರ್ತಿ ಬರೆಯುತ್ತೇನೆ, ಕೂತು ಓದು: "ಅರ್ಜಿದಾರರ ಕೋರಿಕೆಯ ಮೇರೆಗೆ ಗ್ರಾಮ ನಕಾಶೆಯಂತೆ ಬಂಡಿದಾರಿಯನ್ನು ತೆರವುಗೊಳಿಸತಕ್ಕದ್ದು. ಸದರಿ ದಾರಿಯಲ್ಲಿ ಕಂಡುಬಂದ ಅಡೆತಡೆ: ಕಲ್ಲಿನ ಕಟ್ಟೆ, ಒಂದು."

ಆ ಕಲ್ಲಿನ ಕಟ್ಟೆ ನಿನ್ನವ್ವ.

ನಕಾಶೆಯ ದಾರಿ ಬದುವಿನದಲ್ಲ. ನಿಜಾಮನ ಕಾಲದ ಸರ್ವೆಯಲ್ಲಿ ಅದು ದಿಬ್ಬದ ಮೇಲಿಂದಲೇ ಹೋಗುತ್ತದಂತೆ, ಸುಂದರಬಾಯಿ ಅವ್ವನನ್ನು ಮಣ್ಣು ಮಾಡಿದ ದಿಬ್ಬದ ಮೇಲಿಂದ. ನಿನಗೆ ಗೊತ್ತಿರಲಿಲ್ಲವೇ? ಗೊತ್ತಿರಲಿಕ್ಕಿಲ್ಲ, ಏಳನೆಯ ಇಯತ್ತೆ ಮುಗಿದ ಮೇಲೆ ನೀನು ಹೊಲದ ಕಡೆ ಬಂದದ್ದೇ ಕಡಿಮೆ. ಆ ಶ್ರಾವಣದಲ್ಲಿ ನೀನು ಹಾಸ್ಟೆಲಿನಿಂದ ಬರುವಷ್ಟರಲ್ಲಿ ಗುಣಿ ತೋಡಿ ಆಗಿತ್ತು. ನಾನಿದ್ದೆ, ಕೇಳು. ಎರಿ ಹೊಲದ ಕಪ್ಪು ಮಣ್ಣಿನಲ್ಲಿ ಮೂರು ಕಡೆ ತೋಡಿದರು. ಮೂರು ಕಡೆಯೂ ಮೊಣಕಾಲಷ್ಟು ಹೋಗುವುದರೊಳಗೆ ನೀರು. ನಿಮ್ಮಪ್ಪ ತಲೆಗೆ ಕೈ ಹಚ್ಚಿಕೊಂಡು ಕೂತುಬಿಟ್ಟಿದ್ದ. ನೀರಿನಲ್ಲಿ ಕೂಡಿಸಲಾರೆ ಅಂತ ಅಳುತ್ತಿದ್ದ. ಆಗ ನಮ್ಮಪ್ಪ ಗಾಡಿ ನಿಲ್ಲಿಸಿ ಇಳಿದು ಬಂದ. "ದಿಬ್ಬದ ಮ್ಯಾಲ ತೋಡ್ರಿ ಗೌಡ್ರ. ಅದು ನಮ್ಮ ಗಾಡಿ ದಾರಿ ಅದ ಖರೇ, ಆದ್ರ ಅಲ್ಲಿ ನೀರು ನಿಂದ್ರಂಗಿಲ್ಲ. ನಮ್ಮ ಗಾಡಿದೇನದ, ಬದುವಿನ ಮ್ಯಾಲಿಂದ ಹೋಗ್ತದ" ಅಂದ. ನಿಮ್ಮಪ್ಪ ಅವನ ಕೈ ಹಿಡಿದುಕೊಂಡು, "ಬದು ನಿಂದು ಬೀರಣ್ಣ, ನಮ್ಮ ವಂಶ ಇರೋತನಕ" ಅಂದ. ಹದಿನೇಳು ವರ್ಷ ಹೀಗೇ ನಡೆಯಿತು. ಒಂದು ಕಾಗದವಿಲ್ಲ, ಒಂದು ಜಗಳವಿಲ್ಲ.

ಈಗ ಊರೆಲ್ಲ ಏನನ್ನುತ್ತಿದೆ ಗೊತ್ತೇ? ಭಾಗ್ಯಾ ತನ್ನ ತೊಗರಿಗಾಗಿ ಗೌಡರ ಹೆಂಡತಿಯ ಸಮಾಧಿ ಅಗೆಸಲು ಹೊರಟಿದ್ದಾಳೆ ಅಂತ. ಅರುಣಕುಮಾರ ಆದೇಶದ ಫೋಟೋ ತೆಗೆದು ಎಲ್ಲರ ಮೊಬೈಲಿಗೆ ಹಾಕಿದ್ದಾನೆ. ಅರ್ಜಿಯ ಕೆಳಗೆ ನನ್ನ ಸಹಿ ಮೂರು ಕಡೆ ಇದೆ. ನಿನ್ನೆ ಅವನು ಬದುವಿನ ಗುಂಟ ತಂತಿ ಬೇಲಿ ಹಾಕಿಸಿದ. "ನಕಾಶೆ ದಾರಿ ಕೇಳೀದಲ್ಲ, ನಕಾಶೆ ದಾರೀಲೇ ಹೋಗು. ಧೈರ್ಯ ಇದ್ರ ನಮ್ಮವ್ವನ ಎದಿ ಮ್ಯಾಲ ಟ್ರ್ಯಾಕ್ಟರ್ ಹಾಯಿಸು" ಅಂದ. ನಾನು ಅವನ ಜಾಗದಲ್ಲಿದ್ದರೂ ಹಾಗೇ ಅನ್ನುತ್ತಿದ್ದೆ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಕಚೇರಿಯಲ್ಲಿರುತ್ತಾರೆ, ಗೊತ್ತು. ಆದರೆ ಎತ್ತು ಈಯಿತು ಅಂತ ಬರೆದವಳು ನೀನು ವಿದ್ಯಾ. ಏನು ಮಾಡುವುದು ಅಂತ ತಕ್ಷಣ ಬರೆ. ಫೋನು ನೀನು ಎತ್ತುತ್ತಿಲ್ಲ.

ಭಾಗ್ಯಾ


ಜೇವರ್ಗಿ
15 ಜನವರಿ 2025

ಭಾಗ್ಯಾ,

ನಿನ್ನ ಕಾಗದ ಕಚೇರಿಯಲ್ಲೇ ಒಡೆದೆ. ಎದ್ದು ಹೊರಗೆ ಹೋಗಿ ನಲ್ಲಿಯ ಹತ್ತಿರ ನಿಂತುಕೊಂಡೆ. ಅಲ್ಲಿಂದ ಒಳಗೆ ಬರಲು ಅರ್ಧ ತಾಸು ಬೇಕಾಯಿತು.

ನಾನು ನಕಾಶೆ ತೆಗೆದು ನೋಡಲಿಲ್ಲ. ದಿನಕ್ಕೆ ಹತ್ತು ಜನರ ನಕಾಶೆ ನೋಡುವವಳು, ನಮ್ಮ ಹೊಲ ನೋಡಲು ನಕಾಶೆ ಯಾಕೆ ಬೇಕು ಅಂದುಕೊಂಡೆ. ಕಣ್ಣು ಮುಚ್ಚಿದರೆ ಬದು ಕಾಣುತ್ತಿತ್ತು. ಅದೇ ದಾರಿ ಅಂತ ಟಿಕ್ ಮಾಡಿದೆ. ನನ್ನ ಕೈಕೆಳಗಿನವರು ಹೀಗೆ ಮಾಡಿದ್ದರೆ ನಾನು ಮೆಮೊ ಕೊಡುತ್ತಿದ್ದೆ.

ನೀನೇ ಒಂದು ಅರ್ಜಿ ಕೊಟ್ಟು ಮೊದಲಿನದನ್ನು ಹಿಂತೆಗೆದುಕೋ. ಅದೇ ಸುಲಭದ ದಾರಿ. ದಯವಿಟ್ಟು ಫೋನು ಮಾಡಬೇಡ. ಅರುಣ ಎಲ್ಲರ ಮಾತನ್ನೂ ರೆಕಾರ್ಡು ಮಾಡಿ ಹಂಚುತ್ತಿದ್ದಾನೆ ಅಂತ ಅವನ ಹೆಂಡತಿ ಬಸವೇಶ್ವರಿ ಹೇಳಿದಳು. ನಾನು ಸರ್ಕಾರಿ ನೌಕರಳು. ತವರಿನ ಜಮೀನಿನ ತಕರಾರಿನಲ್ಲಿ ಕೈ ಹಾಕಿದೆ ಅಂತ ಆದರೆ ಕಷ್ಟ. ಆ ಅರ್ಜಿ ತುಂಬಿದ್ದು ಯಾರು ಅಂತ ಯಾರಾದರೂ ಕೇಳಿದರೆ... ಇರಲಿ, ಕೇಳಲಿಕ್ಕಿಲ್ಲ.

ಅಪ್ಪ ಹೇಗಿದ್ದಾನೆ? ನನ್ನ ಬಗ್ಗೆ ಏನಾದರೂ ಅಂದನೇ?

ವಿದ್ಯಾವತಿ


ಮಟಕಿ
28 ಜನವರಿ 2025

ವಿದ್ಯಾ,

ಹಿಂತೆಗೆದುಕೊಳ್ಳಲು ಹೋಗಿದ್ದೆ, ನಾಲ್ಕು ಸಲ. ಮೊದಲ ಸಲ ತಹಸೀಲ್ದಾರ ಸಾಹೇಬರು ಮೀಟಿಂಗಿನಲ್ಲಿದ್ದರು. ಎರಡನೆಯ ಸಲ ಗುಮಾಸ್ತರು ಮೀಟಿಂಗಿನಲ್ಲಿದ್ದರು. ಮೂರನೆಯ ಸಲ ಕಂಪ್ಯೂಟರು ಕೆಟ್ಟಿತ್ತು. ನಾಲ್ಕನೆಯ ಸಲ ಸಾಹೇಬರು ಸಿಕ್ಕರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು, ಕುರ್ಚಿ ಕೊಟ್ಟು ಕೂಡಿಸಿದರು. "ನೋಡಮ್ಮ, ಆದೇಶ ಆದ ಮೇಲೆ ಅರ್ಜಿ ವಾಪಸ್ ಇಲ್ಲ. ಇಲ್ಲಿ ನಿಮ್ಮ ಪ್ರಕರಣ ಮುಕ್ತಾಯ ಅಂತ ತೋರಿಸುತ್ತಿದೆ" ಅಂದರು. ಮುಗಿದ ಪ್ರಕರಣಕ್ಕಾಗಿ ಊರು ಎರಡಾಗಿದೆ ಸಾಹೇಬ್ರ ಅಂದೆ. "ಅದಕ್ಕೆ ಶಾಂತಿ ಸಭೆ ಇಟ್ಟಿದ್ದೇವೆ" ಅಂದರು.

ಶಾಂತಿ ಸಭೆಯೂ ಆಯಿತು. ಪಂಚಾಯಿತಿಯ ಹಾಲಿನಲ್ಲಿ ಕುರ್ಚಿಗಳನ್ನು ಎರಡು ಸಾಲು ಮಾಡಿದ್ದರು. ಒಂದು ಕಡೆ ನಿಮ್ಮವರು, ಒಂದು ಕಡೆ ನಮ್ಮವರು. ನಮ್ಮೂರಲ್ಲಿ ಹಾಗೆ ಎಂದಾದರೂ ಕೂತಿದ್ದೇವೆಯೇ? ಇನ್ನು ಮುಂದೆ ಕೂಡುವುದನ್ನು ಕಲಿಯುತ್ತೇವೆ. ನಿಮ್ಮಪ್ಪ ಬಂದವನು ಸೀದಾ ನಮ್ಮಪ್ಪನ ಪಕ್ಕಕ್ಕೆ ಹೋಗಿ ಕೂತ. ಒಬ್ಬ ಪೊಲೀಸ್ ಹುಡುಗ ಓಡಿ ಬಂದು, "ಅಜ್ಜಾ, ನಿಮ್ಮ ಮಂದಿ ಆ ಕಡಿ ಕುಂತಾರ, ಏಳ್ರಿ" ಅಂತ ಕೂಗಿದ. ನಿಮ್ಮಪ್ಪ, "ನಾ ಅರವತ್ತು ವರ್ಷದಿಂದ ಇವನ ಬಾಜೂಕ ಕುಂಡ್ರತೇನಿ. ನೀ ಯಾವಾಗ ಬಂದೀ ಈ ಊರಿಗೆ?" ಅಂದ. "ನಿನ್ನೆ ಬಂದೇನ್ರಿ" ಅಂದ ಪಾಪ ಆ ಹುಡುಗ. ಆದರೂ ಎಬ್ಬಿಸಿದ. ಮೇಲಿನಿಂದ ಹಾಗೆ ಹೇಳಿದ್ದಾರಂತೆ.

ಆಮೇಲೆ ಮುಚ್ಚಳಿಕೆ. ಶಾಂತಿ ಕದಡುವುದಿಲ್ಲ ಅಂತ ಎರಡೂ ಕಡೆಯಿಂದ ಐದೈದು ಜನ ಬರೆದುಕೊಡಬೇಕು. ಕೈ ಎತ್ತುವ ಹುಡುಗರು ಎರಡೂ ಕಡೆ ನಾಲ್ಕು ನಾಲ್ಕೇ ಜನ ಸಿಕ್ಕರು. ಲೆಕ್ಕ ಸರಿಹೋಗಲಿಲ್ಲ. ಅದಕ್ಕೆ ಹಿರಿಯರನ್ನು ಸೇರಿಸಿದರು. ನಿಮ್ಮಪ್ಪ ಶಿವರಾಯಗೌಡರು ಕಿವುಡು ಕಿವಿ ಮುಂದೆ ಮಾಡಿ ಏನೂ ಕೇಳಿಸದೆ ಸಹಿ ಹಾಕಿದರು. ನಮ್ಮಪ್ಪ ಹೆಬ್ಬೆಟ್ಟು ಒತ್ತಿದ. ಬರೆದುಕೊಟ್ಟವರು ಒಂದು ವರ್ಷ ಒಬ್ಬರ ಹೊಲದಲ್ಲಿ ಇನ್ನೊಬ್ಬರು ಕಾಲಿಡುವಂತಿಲ್ಲ. ಮಾಘ ಬಂತು ವಿದ್ಯಾ. ಕುರಿ ನಿಮ್ಮ ಹೊಲಕ್ಕೆ ಹೋಗುವಂತಿಲ್ಲ. ಅಪ್ಪ ಹಿಂಡನ್ನು ಅಫಜಲಪುರದ ಕಡೆ ಅಟ್ಟಿಸಿದ. ಇಬ್ಬರು ಮುದುಕರು ಜಗಳ ಬಿಡಿಸಲು ಇದ್ದರು, ಸರ್ಕಾರ ಅವರನ್ನೇ ಜಗಳಗಂಟರ ಪಟ್ಟಿಗೆ ಹಾಕಿತು.

ತೊಗರಿಯ ಸುದ್ದಿ: ಮಷೀನು ಬೇಲಿಯ ತನಕ ಬಂದು ತಿರುಗಿ ಹೋಯಿತು. ಕಾಯಿ ಸಿಡಿಯುತ್ತಿದೆ. ನಾಳೆಯಿಂದ ನಮ್ಮ ಓಣಿಯ ಹೆಂಗಸರು ಕುಡುಗೋಲು ಹಿಡಿದು ಬರುತ್ತಾರೆ. ತಲೆ ಮೇಲೆ ಹೊತ್ತು ತರುವುದು. ನಡೆದು ಹೋಗುವುದಕ್ಕೆ ಅರುಣ ಇನ್ನೂ ಬೇಡ ಅಂದಿಲ್ಲ.

ಈಗ ಮುಖ್ಯ ಮಾತು. ಸಾಹೇಬರು ಒಂದು ದಾರಿ ತೋರಿಸಿದ್ದಾರೆ. ಬದು ಹದಿನೇಳು ವರ್ಷದಿಂದ ರೂಢಿಯ ದಾರಿ, ದಿಬ್ಬದ ಮೇಲೆ ಸಮಾಧಿ ಇದೆ, ಅರ್ಜಿಯಲ್ಲಿ ತಪ್ಪು ಗುರುತು ಬಿದ್ದಿದೆ ಅಂತ ನಿಮ್ಮ ಮನೆಯವರೊಬ್ಬರು ಹೇಳಿಕೆ ಕೊಟ್ಟರೆ ಆದೇಶವನ್ನು ಬದುವಿಗೆ ತಿದ್ದಬಹುದಂತೆ. ನಿಮ್ಮಪ್ಪ ಮರುದಿನವೇ ಹೋಗಿ ಕೊಟ್ಟ. ಅರುಣಕುಮಾರ ಹಿಂದೆಯೇ ಹೋಗಿ, ಅಪ್ಪನ ನೆನಪು ಸರಿ ಇಲ್ಲ ಅಂತ ಬರೆದುಕೊಟ್ಟ. "ನನ್ನ ಮಾತು ಊರಾಗ ನಡೀತದ ಭಾಗ್ಯವ್ವ, ಮನಿಯಾಗ ನಡಿಯಂಗಿಲ್ಲ" ಅಂದ ನಿಮ್ಮಪ್ಪ. ಅವನು ನಿನ್ನ ಬಗ್ಗೆ ಏನೂ ಅಂದಿಲ್ಲ. ಆ ಅರ್ಜಿ ನೀನು ಬರೆದದ್ದು ಅವನಿಗೆ ಗೊತ್ತಿಲ್ಲ. ನಾನು ಯಾರಿಗೂ ಹೇಳಿಲ್ಲ.

ಎರಡು ಸಾಲು ಬರೆ ವಿದ್ಯಾ. ಬದು ದಾರಿ, ದಿಬ್ಬ ಅವ್ವ. ಅಷ್ಟೇ. ನಿನ್ನ ಹೇಳಿಕೆಯನ್ನು ಯಾರೂ ಮರೆವು ಅನ್ನಲಾರರು.

ಭಾಗ್ಯಾ


ಮಟಕಿ
10 ಫೆಬ್ರವರಿ 2025

ವಿದ್ಯಾ,

ತೆರವಿಗೆ ದಿನ ಗೊತ್ತಾಗಿದೆ. ಫೆಬ್ರವರಿ 18, ಮಂಗಳವಾರ, ಬೆಳಿಗ್ಗೆ ಹನ್ನೊಂದು. ಜೆಸಿಬಿ ಬರುತ್ತದೆ, ಪೊಲೀಸ್ ವ್ಯಾನು ಬರುತ್ತದೆ. ಮಾರ್ಚಿನೊಳಗೆ ಎಲ್ಲ ದಾರಿ ತೆರೆಯಬೇಕು ಅಂತ ಮೇಲಿನ ಒತ್ತಡವಂತೆ. ನಿಮ್ಮ ಓಣಿಯ ಮೂವತ್ತು ಹುಡುಗರು ದಿಬ್ಬದ ಮೇಲೆ ಕೂಡುತ್ತೇವೆ ಅನ್ನುತ್ತಿದ್ದಾರೆ. ನಮ್ಮ ಹುಡುಗರು, ದಾರಿ ನಮ್ಮ ಹಕ್ಕು, ನಾವೂ ಬರುತ್ತೇವೆ ಅನ್ನುತ್ತಿದ್ದಾರೆ. ಬೇಡ ಅಂತ ಕೈ ಮುಗಿದೆ. "ನೀ ಸುಮ್ಕ ಇರು ಅಕ್ಕಾ, ಇದು ಈಗ ನಿನ್ನ ಹೊಲದ ಮಾತಲ್ಲ" ಅಂದರು.

ಎರಡು ಸಾಲು ಇನ್ನೂ ಬಂದಿಲ್ಲ.

ಭಾಗ್ಯಾ


ಜೇವರ್ಗಿ
14 ಫೆಬ್ರವರಿ 2025

ಭಾಗ್ಯಾ,

ನಿನ್ನ ಎರಡೂ ಕಾಗದ ಬಂದಿವೆ. ಮೇಲ್ಮನವಿಗೆ ಅವಕಾಶವಿದೆ. ಉಪವಿಭಾಗಕ್ಕೆ ಹೋಗು, ವಕೀಲರ ಮೂಲಕ ತಡೆಯಾಜ್ಞೆ ಕೇಳು. ನಮೂನೆ ಇಟ್ಟಿದ್ದೇನೆ. ಈ ಸಲ ಖಾಲಿ ಬಿಟ್ಟಿದ್ದೇನೆ.

ಹೇಳಿಕೆಯ ಬಗ್ಗೆ. ಬರೆದರೆ, ನೀನು ಹೇಗೆ ಬಲ್ಲೆ ಅಂತ ಮೊದಲ ಪ್ರಶ್ನೆ ಬರುತ್ತದೆ. ಅರ್ಜಿಯಲ್ಲಿ ನನ್ನ ಅಕ್ಷರ ಇದೆ. ಸರ್ವೆಯವಳೇ ಖಾಸಗಿ ಅರ್ಜಿ ತುಂಬಿ, ನಕಾಶೆ ನೋಡದೆ, ತನ್ನ ತಮ್ಮನ ಜಮೀನಿನ ಮೇಲೆ ತಕರಾರು ಹಾಕಿಸಿದಳು ಅಂತ ಆಗುತ್ತದೆ. ಬಡ್ತಿಯ ಪಟ್ಟಿ ಮಾರ್ಚಿನಲ್ಲಿದೆ. ಹನ್ನೊಂದು ವರ್ಷ ಕಾದಿದ್ದೇನೆ. ಅರುಣನಿಗೆ ಗೊತ್ತಾದರೆ ತವರಿನ ಬಾಗಿಲೂ ಮುಚ್ಚುತ್ತದೆ. ಆ ಹೊಲದಲ್ಲಿ ನನ್ನದು ಅಂತ ಒಂದು ಗುಂಟೆಯೂ ಇಲ್ಲ. ಅವನ ಮನೆಯ ವಾಸ್ತುಶಾಂತಿಯ ದಿನ ಸೀರೆ ಉಡಿಸಿ ಹಕ್ಕುಬಿಡುಗಡೆಗೆ ಸಹಿ ಮಾಡಿಸಿಕೊಂಡ. ಮಾಡಿದೆ. ಅವ್ವ ಒಬ್ಬಳೇ ಅಲ್ಲಿ ನನ್ನವಳು.

ನನಗೆ ನಾಚಿಕೆಯಾಗುತ್ತದೆ. ಆದರೆ ಹೆದರಿಕೆ ಅದಕ್ಕಿಂತ ದೊಡ್ಡದಿದೆ. ಸ್ವಲ್ಪ ಸಮಯ ಕೊಡು.

ವಿದ್ಯಾವತಿ


ಮಟಕಿ
20 ಫೆಬ್ರವರಿ 2025

ವಿದ್ಯಾವತಿ,

ನಿನ್ನ ಕಾಗದ ಹದಿನೆಂಟರಂದೇ ಬಂತು. ತೆರವಿನ ಜಾಗದಿಂದ ಮನೆಗೆ ಬಂದಾಗ ಬಾಗಿಲಲ್ಲಿ ಬಿದ್ದಿತ್ತು. ಮೇಲ್ಮನವಿಯ ನಮೂನೆ ಚೆನ್ನಾಗಿದೆ.

ಏನಾಯಿತು ಅಂತ ಬೇರೆಯವರ ಬಾಯಿಂದ ಕೇಳುವ ಬದಲು ನನ್ನಿಂದಲೇ ತಿಳಿದುಕೋ.

ಹನ್ನೊಂದಕ್ಕೆ ಜೆಸಿಬಿ ಬಂತು. ದಿಬ್ಬದ ಒಂದು ಬದಿಗೆ ನಿಮ್ಮ ಹುಡುಗರು, ಒಂದು ಬದಿಗೆ ನಮ್ಮವರು, ನಡುವೆ ಪೊಲೀಸರು. ಅರುಣಕುಮಾರ ಸಮಾಧಿಯ ಕಟ್ಟೆಗೆ ಬೆನ್ನು ಕೊಟ್ಟು ಕೂತಿದ್ದ. ಅವನ ಮೇಲೆ ನನಗೆ ಎಷ್ಟು ಸಿಟ್ಟಿದ್ದರೂ ಆ ಶ್ರಾವಣ ನೆನಪಾಯಿತು. ಅವ್ವ ಸತ್ತಾಗ ಅವನಿಗೆ ಹನ್ನೆರಡು ವರ್ಷ, ನನ್ನ ಸೆರಗು ಹಿಡಿದು ನಿಂತಿದ್ದ. ನಮ್ಮಪ್ಪ ರಸ್ತೆಯ ಅಂಚಿನಲ್ಲಿ, ನಿಮ್ಮಪ್ಪ ಹೊಲದ ಅಂಚಿನಲ್ಲಿ ನಿಂತಿದ್ದರು. ಮುಚ್ಚಳಿಕೆ ಬರೆದುಕೊಟ್ಟವರು ಹತ್ತಿರ ಬರುವ ಹಾಗಿಲ್ಲವಲ್ಲ.

ಕಲ್ಲೊಂದು ಎಲ್ಲಿಂದಲೋ ಬಂದು ವ್ಯಾನಿನ ಗಾಜಿಗೆ ಬಿತ್ತು. ಲಾಠಿಗಳು ಮೇಲೆದ್ದವು. ನಾನು ಸಾಹೇಬರ ಮುಂದೆ ಹೋಗಿ ನಿಂತೆ.

"ಈ ದಾರಿ ಎಲ್ಲಿಗಿ ಹೋಗ್ತದ್ರಿ?" ಅಂದೆ.

"ನಿಮ್ಮ ಹೊಲಕ್ಕಮ್ಮ."

"ಅಲ್ಲಿಂದ ಮುಂದ?"

ಅವರು ನಕಾಶೆ ಬಿಚ್ಚಿ ನೋಡಿದರು. "ಮುಂದೆ ಹಳ್ಳ. ಇಲ್ಲಿಗೇ ಮುಗಿಯುತ್ತದೆ."

"ಹಂಗಾರ ನನಗ ಈ ದಾರಿ ಬ್ಯಾಡ್ರಿ. ಬರಕೊಡ್ತೇನಿ. ಆಗ ಯಾರಿಗಾಗಿ ಕೆಡವ್ತೀರಿ?"

ಯಾರಿಗೋ ಫೋನು ಮಾಡಿದರು, ಇನ್ನೊಬ್ಬರಿಗೆ ಮಾಡಿದರು. ಅಂಥದೊಂದು ಕಲಮು ಇದೆಯಂತೆ. ಹಿಡುವಳಿದಾರರು ತಮ್ಮ ಜಮೀನಿಗೆ ದಾರಿಯ ಅವಶ್ಯಕತೆಯಿಲ್ಲ ಎಂದು ಬರೆದುಕೊಟ್ಟರೆ ತೆರವು ಕೈಬಿಡಬಹುದು. ಅರ್ಜಿ ವಾಪಸ್ ಕೊಡಲು ಬರುವುದಿಲ್ಲ, ದಾರಿಯನ್ನೇ ವಾಪಸ್ ಕೊಡಲು ಬರುತ್ತದೆ. ನಾಲ್ಕು ಸಲ ಹೋದಾಗ ಯಾರೂ ಹೇಳಿರಲಿಲ್ಲ. ತಲಾಠಿ ಒಂದು ಹಾಳೆ ಕೊಟ್ಟ. ದಿಬ್ಬದ ದಾರಿ ಬೇಡ, ಬದುವಿನದು ಇರಲಿ ಅಂತ ಬರೆಯಲೇ ಅಂದೆ. "ಹಂಗ ಬರಿಯಾಕ ಬರಂಗಿಲ್ಲ ಅಕ್ಕಾವ್ರ. ದಾರಿ ಬೇಕು, ಇಲ್ಲ ಬ್ಯಾಡ, ಎರಡರಾಗ ಒಂದು" ಅಂದ. ಮತ್ತೆ ಅದೇ ಎರಡು ಚೌಕ. ನಾವು ಬದುಕುವುದೆಲ್ಲ ಆ ಎರಡು ಚೌಕಗಳ ನಡುವಿನ ಜಾಗದಲ್ಲಿ, ಅಲ್ಲಿ ಬರೆಯಲು ಯಾವ ನಮೂನೆಯಲ್ಲೂ ಗೆರೆ ಇಲ್ಲ.

ಜೆಸಿಬಿಯ ಗಾಲಿಯ ಮೇಲೆ ಹಾಳೆ ಇಟ್ಟು ಬರೆದೆ: ನನ್ನ ಜಮೀನಿಗೆ ದಾರಿಯ ಅವಶ್ಯಕತೆ ಇರುವುದಿಲ್ಲ, ಮುಂದೆ ಯಾವ ಕಾಲಕ್ಕೂ ಕೇಳುವುದಿಲ್ಲ. ಸಹಿ ಮಾಡುವಾಗ ನಮ್ಮ ಹುಡುಗರು ನನಗೆ ಅನ್ನಬಾರದ್ದು ಅಂದರು. ಗೌಡರಿಗೆ ಮಾರಿಕೊಂಡಳು ಅಂದರು. ನನ್ನ ಗಂಡ ಕಲ್ಯಾಣಕುಮಾರ ಮಾತ್ರ ಬಂದು ಪೆನ್ನಿನ ಮುಚ್ಚಳ ಹಿಡಿದುಕೊಂಡು ಪಕ್ಕದಲ್ಲಿ ನಿಂತ.

ಜೆಸಿಬಿ ತಿರುಗಿತು. ಅರುಣಕುಮಾರ ಎದ್ದು ಧೂಳು ಕೊಡವಿಕೊಂಡು ನನ್ನ ಕಡೆ ನೋಡದೆ ಹೋದ. ಬೇಲಿ ತೆಗೆಯುತ್ತಾನೆ ಅಂದುಕೊಂಡಿದ್ದೆ. ನಿನ್ನೆ ಕೇಳಿಸಿದರೆ, "ದಾರಿ ಬ್ಯಾಡಂತ ಆಕಿನ ಬರಕೊಟ್ಟಾಳಲ್ಲ" ಅಂದನಂತೆ.

ನಿನ್ನವ್ವ ಇದ್ದಲ್ಲೇ ಇದ್ದಾಳೆ. ನಿನಗೆ ತಿಳಿಯಬೇಕಾದದ್ದು ಇಷ್ಟೇ.

ಭಾಗ್ಯಾ


ಜೇವರ್ಗಿ
24 ಮಾರ್ಚ್ 2025

ಭಾಗ್ಯಾ,

ಒಂದು ತಿಂಗಳಿಂದ ಈ ಕಾಗದ ಬರೆದು ಹರಿದು ಹಾಕುತ್ತಿದ್ದೇನೆ. ಏನು ಬರೆದರೂ ಕಚೇರಿಯ ಭಾಷೆಯಾಗುತ್ತದೆ.

ಏಳನೆಯ ತಾರೀಖು ಬಡ್ತಿಯ ಪಟ್ಟಿ ಬಂತು. ನನ್ನ ಹೆಸರಿದೆ. ಅಫಜಲಪುರಕ್ಕೆ ಹಾಕಿದ್ದಾರೆ. ಮರುದಿನವೇ ಹೇಳಿಕೆ ಬರೆದು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ಪ್ರತಿ ಇದರೊಳಗಿದೆ. ಬದು ರೂಢಿಯ ದಾರಿ, ದಿಬ್ಬದಲ್ಲಿ ನನ್ನ ತಾಯಿಯ ಸಮಾಧಿ, ಅರ್ಜಿ ತುಂಬಿದವಳು ನಾನು, ತಪ್ಪು ನನ್ನದು. ಎಲ್ಲ ಬರೆದಿದ್ದೇನೆ. ಅರುಣನಿಗೂ ಫೋನು ಮಾಡಿ ಹೇಳಿದೆ. ಅವನು ಪೂರ್ತಿ ಕೇಳಿ, "ಇನ್ನ ಮ್ಯಾಲ ಈ ಮನಿಗೆ ಬರಬ್ಯಾಡ ಅಕ್ಕಾ" ಅಂತ ಇಟ್ಟುಬಿಟ್ಟ.

ಕಚೇರಿಯಿಂದ ಉತ್ತರವೂ ಬಂದಿದೆ. ಅರ್ಜಿದಾರರೇ ದಾರಿ ಬೇಡವೆಂದು ಬರೆದುಕೊಟ್ಟಿರುವುದರಿಂದ ಪರಿಶೀಲಿಸಲು ಅವಕಾಶವಿಲ್ಲ. ಕೋಟೆ ಲೂಟಿಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದೆ ಅಂತ ನೀನು ಅನ್ನುತ್ತೀ. ಅನ್ನು.

ಪಟ್ಟಿ ಬರುವ ಮೊದಲು ಯಾಕೆ ಬರೆಯಲಿಲ್ಲ ಅಂತ ಮಾತ್ರ ಕೇಳಬೇಡ. ಉತ್ತರ ನಿನಗೂ ಗೊತ್ತಿದೆ.

ವಿದ್ಯಾ


ಮಟಕಿ
2 ಏಪ್ರಿಲ್ 2025

ವಿದ್ಯಾ,

ನಿನ್ನ ಹೇಳಿಕೆಯನ್ನು ಅಪ್ಪನಿಗೆ ಓದಿ ತೋರಿಸಿದೆ. ನಿಮ್ಮಪ್ಪನಿಗೂ ಕೇಳಿಸಬೇಕು ಅನ್ನಿಸಿತು. ಹಿಟ್ಟಿನ ಗಿರಣಿಯ ಮುಂದೆ ಸಿಕ್ಕಾಗ ಕಿವಿಯ ಹತ್ತಿರ ಕೂಗಿ ಓದಿದೆ. ಗಿರಣಿ ನಡೆಸುವ ನಜಮುನ್ನಿಸಾ ತಿರುಗುವ ಪಟ್ಟಾ ನಿಲ್ಲಿಸಿದಳು, ಅವನಿಗೆ ಕೇಳಲಿ ಅಂತ. ಕೇಳಿ, "ನನ್ನ ಮಗಳು ಖರೇ ಬರದಾಳ" ಅಂದ. ಆಮೇಲೆ, "ತಡಾ ಆತು" ಅಂದ. ಎರಡನ್ನೂ ಒಂದೇ ದನಿಯಲ್ಲಿ ಅಂದ.

ಊರು ವ್ಯಾಜ್ಯಮುಕ್ತವಾಗಿದೆ. ಯುಗಾದಿಯ ಹಿಂದಿನ ದಿನ ಶಾಲೆಯ ಮುಂದೆ ಶಾಮಿಯಾನ ಹಾಕಿ ಪ್ರಮಾಣಪತ್ರ ಕೊಟ್ಟರು. ನನಗೆ ಶಾಲು ಹೊದಿಸಿದರು, ಸೌಹಾರ್ದ ಮೆರೆದ ರೈತ ಮಹಿಳೆ ಅಂತ. ಕುರ್ಚಿಗಳು ಈಗಲೂ ಎರಡು ಸಾಲಿದ್ದವು. ಈ ಸಲ ಯಾರೂ ಹೇಳಿರಲಿಲ್ಲ, ಜನ ತಾವೇ ಹಾಗೆ ಕೂತರು. ಶಾಲು ಹೊದ್ದು ಮೇಲೆ ನಿಂತವಳು ನಾನು, ಕೆಳಗಿನ ಎರಡೂ ಸಾಲಿನಲ್ಲಿ ನನ್ನವರು ಅಂತ ಒಬ್ಬರೂ ಕಾಣಲಿಲ್ಲ.

ತೊಗರಿ ಹೊತ್ತು ತಂದೆವು. ಅರ್ಧ ಹೊಲದಲ್ಲೇ ಸಿಡಿದು ಹೋಯಿತು. ಮುಂದಿನ ಬಿತ್ತನೆಗೆ ಟ್ರ್ಯಾಕ್ಟರು ಒಳಗೆ ಹೋಗುವಂತಿಲ್ಲ. ಎತ್ತು ಕಟ್ಟುವ ಶಕ್ತಿ ಅಪ್ಪನಿಗಿಲ್ಲ. ಆರು ಎಕರೆಯನ್ನು ಸಲಿಕೆಯಿಂದ ಮಾಡಲು ನಾನು ಹುಚ್ಚಿಯಲ್ಲ. ಲಾವಣಿಗೆ, ಅಂದರೆ ಗುತ್ತಿಗೆಗೆ ಕೊಡೋಣ ಅಂತ ಇಬ್ಬರನ್ನು ಕೇಳಿದೆವು. ಬಂದರು, ನೋಡಿದರು, "ದಾರಿ ಎಲ್ಲದರಿ?" ಅಂದರು. ಮಾರೋಣ ಅಂದರೂ ಅದೇ ಮಾತು.

ಹೋದ ವಾರ ಅರುಣಕುಮಾರ ಮನೆಗೆ ಬಂದ. ಜಗಳಕ್ಕಲ್ಲ. ಚಹಾ ಕೊಟ್ಟೆ, ಕುಡಿದ. "ದಾರಿ ಇಲ್ಲದ ಹೊಲ ಇಟ್ಗೊಂಡು ಏನ್ ಮಾಡ್ತಿ ಅಕ್ಕಾ? ನನಗ ಕೊಡು. ನಮ್ಮ ಹೊಲಕ್ಕ ಹತ್ತೇ ಅದ, ನನಗ ದಾರಿ ಬೇಕಾಗಂಗಿಲ್ಲ" ಅಂದ. ಅವನು ಮೋಸದ ಮನುಷ್ಯನಲ್ಲ ವಿದ್ಯಾ. ಇದನ್ನೆಲ್ಲ ಮೊದಲೇ ಯೋಚಿಸಿ ಬೇಲಿ ಹಾಕಿದ ಅಂತ ನಾನು ನಂಬಲಾರೆ. ಆದರೆ ಹಾಕಿದ ಮೇಲೆ ಯೋಚಿಸಿದ. ಕಲ್ಯಾಣಕುಮಾರ ಒಪ್ಪಿದ್ದಾನೆ. ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾನೆ.

ನಿನ್ನ ಮೇಲೆ ಸಿಟ್ಟಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಬಹಳ ಸಿಟ್ಟಿದೆ. ನೀನು ಕೆಟ್ಟವಳು ಅಂತಲ್ಲ. ನೀನು, ಸಾಹೇಬರು, ಆ ಪೊಲೀಸ್ ಹುಡುಗ, ತಲಾಠಿ, ಎಲ್ಲರೂ ಒಳ್ಳೆಯವರೇ. ಒಳ್ಳೆಯವರೆಲ್ಲ ಸೇರಿ, ಜಗಳ ಆಗದ ಹಾಗೆ ಮಾಡುತ್ತ ಮಾಡುತ್ತ, ನನ್ನ ಹೊಲ ಕಳೆದಿರಿ. ಯಾರ ಮನೆಯ ಮುಂದೆ ನಿಂತು ಬೈಯಬೇಕು ಅಂತ ತಿಳಿಯದೆ ನಿನ್ನನ್ನು ಬೈಯುತ್ತಿದ್ದೇನೆ.

ಏಪ್ರಿಲ್ ಏಳು, ಸೋಮವಾರ, ನೋಂದಣಿ. ಖರೀದಿ ಪತ್ರಕ್ಕೆ ಇಬ್ಬರು ಸಾಕ್ಷಿ ಬೇಕು. ಒಬ್ಬ ಕಲ್ಯಾಣಕುಮಾರ. ಇನ್ನೊಂದು ಜಾಗದಲ್ಲಿ ನಿನ್ನ ಹೆಸರು ಬರೆಸಿದ್ದೇನೆ. ಅರುಣ ಬೇಡ ಅಂದ. ಸಾಕ್ಷಿ ಅವಳಾದರೆ ಮಾತ್ರ ನನ್ನ ಸಹಿ ಅಂದೆ, ಒಪ್ಪಿಕೊಂಡ. ಈ ಸಹಿಗೆ ನಿನ್ನ ಇಲಾಖೆ ಕಾರಣ ಕೇಳುವುದಿಲ್ಲ. ಇದರಿಂದ ಯಾವ ಪಟ್ಟಿಯಿಂದಲೂ ನಿನ್ನ ಹೆಸರು ಹೋಗುವುದಿಲ್ಲ. ಹತ್ತೂವರೆಗೆ ನೋಂದಣಿ ಕಚೇರಿಗೆ ಬಾ. ನಾನು ನನ್ನ ಹೊಲ ಬಿಟ್ಟುಕೊಡುವುದನ್ನು ಎದುರು ಕೂತು ನೋಡು, ನೋಡಿದೆ ಅಂತ ಬರೆದು ಸಹಿ ಮಾಡು.

ಭಾಗ್ಯಾ